ಗೋಲು ಕಾದವರಿಗೆ ಕೋಚ್ ಕುರ್ಚಿ ಏಕೆ ದೂರ?

ದೊಡ್ಡಮಳೂರು (ಚನ್ನಪಟ್ಟಣ): ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದೊಡನೆ ಸಿಗುವ ಈ ಊರಿಗೆ ಹೊರಗಿನವರು ಬರುವುದು ಅಪ್ರಮೇಯಸ್ವಾಮಿಯ ದರ್ಶನಕ್ಕೆ, ಅಂಬೆಗಾಲು ನವನೀತಕೃಷ್ಣನಿಗೆ ತೊಟ್ಟಿಲ ಹರಕೆ ಒಪ್ಪಿಸುವುದಕ್ಕೆ. ಫುಟ್‌ಬಾಲ್‌ಗಾಗಿ ಯಾರೂ ಬರುವುದಿಲ್ಲ. ಆದರೂ ಶಾಲೆ ಬಿಟ್ಟ ಹುಡುಗರ ಕಾಲಿಗೆ ಚೆಂಡೊಂದು ಸಿಕ್ಕಿದರೆ ಇಲ್ಲಿಯೂ ನಡೆಯುವುದು ರಾಜ್ಯದ ಉಳಿದೆಲ್ಲ ಊರುಗಳಲ್ಲಿ ನಡೆಯುವುದೇ. ಎರಡು ಜೊತೆ ಚಪ್ಪಲಿ ಗೋಲುಕಂಬಗಳಾಗುತ್ತವೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೋ, ಓಡಲಾರದವನೋ ಗೋಲ್‌ಕೀಪರ್ ಆಗುತ್ತಾನೆ. ಅದು ಅವನ ಆಯ್ಕೆಯಲ್ಲ, ಅವನಿಗೆ ಸಿಕ್ಕ ಶಿಕ್ಷೆ.

ಈ ಶಿಕ್ಷೆ ಬಯಲಿನ ಆಟಕ್ಕೇ ಮುಗಿದರೆ ಬರೆಯುವ ಅಗತ್ಯವಿರಲಿಲ್ಲ. ದೇಶದ ಅತ್ಯುನ್ನತ ಮಟ್ಟದಲ್ಲಿ ಇಪ್ಪತ್ತು ವರ್ಷ ಗೋಲು ಕಾದವರೂ ಆಟ ನಿಲ್ಲಿಸಿದ ಮೇಲೆ ಮತ್ತೆ ಅದೇ ಮೂಲೆಗೆ ಮರಳುತ್ತಾರೆ. ತಂಡ ಮೈದಾನದ ಒಂದು ತುದಿಯಲ್ಲಿ ಅಭ್ಯಾಸ ನಡೆಸುತ್ತಿದ್ದರೆ, ಇನ್ನೊಂದು ತುದಿಯಲ್ಲಿ ಇಬ್ಬರು ಮೂವರು ಹುಡುಗರಿಗೆ ಚೆಂಡು ಒದೆಯುತ್ತಾ ನಿಲ್ಲುವ 'ಗೋಲ್‌ಕೀಪಿಂಗ್ ಕೋಚ್' ಎಂಬ ಹುದ್ದೆ ಅವರ ಪಾಲಿಗೆ ಬರುತ್ತದೆ. ತಂಡವನ್ನು ನಡೆಸುವ ಮುಖ್ಯ ಕೋಚ್ ಕುರ್ಚಿ ಭಾರತದ ಫುಟ್‌ಬಾಲ್‌ನಲ್ಲಿ ಅವರಿಗೆ ದಕ್ಕುವುದು ತೀರಾ ಅಪರೂಪ. 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಪ್ರಕರಣವೊಂದು ಈ ವಿಷಯವನ್ನು ಮತ್ತೆ ಮುನ್ನೆಲೆಗೆ ತಂದಿತು.

ಒಂದು ಟೈಬ್ರೇಕರ್, ಒಂದು ರಾಜೀನಾಮೆ

ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಎದುರಾಳಿಗಳು ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್. ಪಂದ್ಯ 1-1ರಿಂದ ಸಮನಾಗಿ ಟೈಬ್ರೇಕರ್ ಹಂತಕ್ಕೆ ಬಂತು. ಅದಕ್ಕೆ ತುಸು ಮೊದಲು ಈಸ್ಟ್ ಬೆಂಗಾಲ್ ತನ್ನ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಅವರನ್ನು ಹೊರಗೆ ಕರೆಸಿ ದೇಬ್‌ಜಿತ್ ಮಜುಂದಾರ್ ಅವರನ್ನು ಇಳಿಸಿತು. ಮೋಹನ್ ಬಾಗನ್ 5-4ರಿಂದ ಗೆದ್ದಿತು. ಬದಲಾವಣೆಯ ನಿರ್ಧಾರ ಯಾರದು ಎಂಬ ಪ್ರಶ್ನೆ ಎದ್ದಿತು. ಮುಖ್ಯ ಕೋಚ್ ಆಸ್ಕರ್ ಬ್ರುಝೋನ್ ಹಾಗೂ ಗೋಲ್‌ಕೀಪಿಂಗ್ ಕೋಚ್ ಸಂದೀಪ್ ನಂದಿ ನಡುವಣ ಭಿನ್ನಾಭಿಪ್ರಾಯ ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ ನಂದಿ ಹುದ್ದೆ ತೊರೆದರು.

ಈ ಜಗಳದಲ್ಲಿ ಯಾರು ಸರಿ, ಯಾರು ತಪ್ಪು ಎಂಬುದು ಇಲ್ಲಿನ ಚರ್ಚೆಯಲ್ಲ. ಗಮನಿಸಬೇಕಾದುದು ನಂದಿ ಯಾರು ಎಂಬುದನ್ನು. 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದ ಈಸ್ಟ್ ಬೆಂಗಾಲ್ ತಂಡದ ಗೋಲು ಕಾದವರು ಅವರು. ಸೆಮಿಫೈನಲ್‌ನಲ್ಲಿ ಇಂಡೊನೇಷ್ಯಾದ ಪೆಟ್ರೊಕಿಮಿಯಾ ಪುತ್ರ ತಂಡವನ್ನು ಅವರ ನೆಲದಲ್ಲೇ ಟೈಬ್ರೇಕರ್‌ನಲ್ಲಿ ಮಣಿಸಿದ್ದು, ಫೈನಲ್‌ನಲ್ಲಿ ಥಾಯ್ಲೆಂಡ್‌ನ ಬಿಇಸಿ ತೆರೊ ಸಾಸನ ತಂಡವನ್ನು 3-1ರಿಂದ ಸೋಲಿಸಿದ್ದು ಕೋಲ್ಕತ್ತದಲ್ಲಿ ಇಂದಿಗೂ ದಂತಕಥೆ. ಮುಂದೆ ಮಹೀಂದ್ರಾ ಯುನೈಟೆಡ್, ಚರ್ಚಿಲ್ ಬ್ರದರ್ಸ್ ತಂಡಗಳಿಗೆ ಆಡಿದರು. 2016ರ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವು ದೆಹಲಿ ಡೈನಮೋಸ್ ವಿರುದ್ಧ ಟೈಬ್ರೇಕರ್‌ನಲ್ಲಿ 3-0ಯಿಂದ ಗೆದ್ದಾಗ ಗೋಲುಕಂಬಗಳ ನಡುವೆ ನಿಂತಿದ್ದವರೂ ಇದೇ ನಂದಿ. ಆಗ ಅವರಿಗೆ ನಲವತ್ತು ದಾಟಿತ್ತು. ಆಟಗಾರನಾಗಿ ಟೈಬ್ರೇಕರ್‌ಗಳಿಂದಲೇ ಹೆಸರು ಗಳಿಸಿದವರು ಕೋಚ್ ಆಗಿ ಟೈಬ್ರೇಕರ್ ಒಂದರಿಂದಲೇ ಕೆಲಸ ಬಿಡಬೇಕಾಯಿತು.

ಇಂಥದೇ ಬದಲಾವಣೆ 2014ರ ವಿಶ್ವಕಪ್‌ನಲ್ಲಿಯೂ ನಡೆದಿತ್ತು. ಕೋಸ್ಟರಿಕಾ ವಿರುದ್ಧದ ಕ್ವಾರ್ಟರ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ನೆದರ್ಲೆಂಡ್ಸ್ ತಂಡವು ಯಾಸ್ಪರ್ ಸಿಲೆಸೆನ್ ಬದಲಿಗೆ ಟಿಮ್ ಕ್ರುಲ್ ಅವರನ್ನು ಇಳಿಸಿತು. ಕ್ರುಲ್ ಎರಡು ಪೆನಾಲ್ಟಿಗಳನ್ನು ತಡೆದರು, ತಂಡ ಗೆದ್ದಿತು. ಜಗತ್ತು ಕೊಂಡಾಡಿದ್ದು ಮುಖ್ಯ ಕೋಚ್ ಲೂಯಿ ವಾನ್ ಗಾಲ್ ಅವರ ಚಾಣಾಕ್ಷತನವನ್ನು. ಅವರ ಪಕ್ಕದಲ್ಲಿದ್ದ ಗೋಲ್‌ಕೀಪಿಂಗ್ ಕೋಚ್ ಫ್ರಾನ್ಸ್ ಹುಕ್ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ತಂತ್ರ ಫಲಿಸಿದರೆ ಅದು ಮುಖ್ಯ ಕೋಚ್‌ನದು, ವಿಫಲವಾದರೆ ಗೋಲ್‌ಕೀಪಿಂಗ್ ಕೋಚ್‌ನದು ಎಂಬುದು ಈ ವೃತ್ತಿಯ ಅಲಿಖಿತ ನಿಯಮವಿದ್ದಂತಿದೆ.

ಮೈಸೂರಿನ ವರದರಾಜ್, ಸಿಕಂದರಾಬಾದಿನ ತಂಗರಾಜ್

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ನಡೆದದ್ದು 1948ರ ಜುಲೈ 31ರಂದು, ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 1-2ರಿಂದ ಸೋತರು. ಫ್ರಾನ್ಸ್‌ನ ಗೆಲುವಿನ ಗೋಲು ಬಂದದ್ದು ಪಂದ್ಯ ಮುಗಿಯುವ ಹೊತ್ತಿಗೆ. ಭಾರತದ ಏಕೈಕ ಗೋಲು ಗಳಿಸಿದ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಹೆಸರು ದಾಖಲೆಗಳಲ್ಲಿ ಅಚ್ಚಳಿಯದೆ ಉಳಿದಿದೆ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರಾಗಿ ಮನೆಮಾತಾದರು. ಅಂದು ಕೊನೆಯ ಗಳಿಗೆಯವರೆಗೆ ಫ್ರಾನ್ಸ್ ತಂಡವನ್ನು ಒಂದೇ ಗೋಲಿಗೆ ತಡೆದಿದ್ದ ಗೋಲ್‌ಕೀಪರ್ ಕೂಡ ನಮ್ಮ ಮೈಸೂರು ರಾಜ್ಯದವರೇ. ಹೆಸರು ಕೆಂಚಪ್ಪ ವರದರಾಜ್. ಬೆಂಗಳೂರಿನ ಫುಟ್‌ಬಾಲ್ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರ ಬಾಯಲ್ಲಿಯೂ ಈ ಹೆಸರು ಕೇಳಸಿಗುವುದು ಅಪರೂಪ.

ಪೀಟರ್ ತಂಗರಾಜ್ ಅವರದು ಮರೆವಿನ ಕತೆಯಲ್ಲ. ದೊಡ್ಡ ಆಟಗಾರನ ಅರಿವನ್ನು ದೇಶ ಎಷ್ಟು ಕಡಿಮೆ ಬಳಸಿಕೊಂಡಿತು ಎಂಬುದರ ಕತೆ. 1935ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ಅವರು ಸಿಕಂದರಾಬಾದಿನ ಕ್ಲಬ್‌ಗಳಲ್ಲಿ ಬೆಳೆದು, ಸೇನೆಯ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಸೇರಿದರು. ಮೊದಲು ಆಡುತ್ತಿದ್ದುದು ಮುನ್ಪಡೆಯ ಆಟಗಾರನಾಗಿ. ಆರಡಿಯನ್ನು ಮೀರಿದ ಎತ್ತರ ಅವರನ್ನು ಗೋಲುಕಂಬಗಳ ನಡುವೆ ತಂದು ನಿಲ್ಲಿಸಿತು. ಆ ತಂಡ 1955ರಲ್ಲಿಯೂ 1958ರಲ್ಲಿಯೂ ಡುರಾಂಡ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಅವರು ತಂಡದಲ್ಲಿದ್ದರು, 1960ರ ರೋಮ್‌ನಲ್ಲಿಯೂ ಇದ್ದರು. 1958ರಲ್ಲಿ ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಎಂಬ ಮನ್ನಣೆ ಬಂತು. ಕೋಲ್ಕತ್ತದ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿದರು. 1967ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಫೈನಲ್ ಅವರ ಬದುಕಿನ ಮುಖ್ಯ ಪಂದ್ಯ. ಅದಕ್ಕೆ ಮುಂಚಿನ ಪಂದ್ಯಗಳಲ್ಲಿ ಗೋಲು ಕಾದವರು ಪ್ರದ್ಯೋತ್ ಬರ್ಮನ್. ಫೈನಲ್‌ಗೆ ಕೋಚ್ ಸೈಯದ್ ಅಬ್ದುಲ್ ರಹೀಂ ಅವರು ಆಗಷ್ಟೇ ಅನಾರೋಗ್ಯದಿಂದ ಚೇತರಿಸಿಕೊಂಡಿದ್ದ ತಂಗರಾಜ್ ಅವರನ್ನು ಇಳಿಸಿದರು. ಕ್ರೀಡಾಂಗಣದ ತುಂಬ ಭಾರತದ ವಿರುದ್ಧ ಕೂಗುತ್ತಿದ್ದ ಜನ. ಎದುರಿಗೆ ಎತ್ತರದ ಚೆಂಡುಗಳಲ್ಲಿ ಬಲಿಷ್ಠರಾದ ದಕ್ಷಿಣ ಕೊರಿಯನ್ನರು. ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದ ಭಾರತ ತಂಡ 2-1ರಿಂದ ಗೆದ್ದು ಚಿನ್ನ ತಂದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಆ ಬಳಿಕ ಚಿನ್ನ ಬಂದಿಲ್ಲ.

ಆ ತಂಡದಲ್ಲಿ ಮೊದಲ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಮುಂದೆ ದೇಶದ ಅತಿ ಪ್ರಸಿದ್ಧ ಕೋಚ್ ಆದರು. ತಂಗರಾಜ್ ಕೂಡ ಕೋಚ್ ಆದರು. ಗೋವಾದಲ್ಲಿ ದುಡಿದರು, ಕೊನೆಗೆ ಬೊಕಾರೊ ಉಕ್ಕಿನ ನಗರಿಯಲ್ಲಿ ಹುಡುಗರಿಗೆ ಕಲಿಸಿದರು. 2008ರ ನವೆಂಬರ್ 24ರಂದು ಅಲ್ಲಿಯೇ ನಿಧನರಾದರು. ಬೊಕಾರೊದ ಮಕ್ಕಳಿಗೆ ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಕಲಿಸಿದ್ದು ಆ ಮಕ್ಕಳ ಭಾಗ್ಯ. ಆದರೆ ಒಲಿಂಪಿಕ್ಸ್‌ನಲ್ಲಿ ಎರಡು ಸಲ ಯುರೋಪಿನ ಮುನ್ಪಡೆಯನ್ನು ಎದುರು ನಿಂತು ಕಂಡವರ ಅರಿವಿಗೆ ರಾಷ್ಟ್ರೀಯ ತಂಡದಲ್ಲಿ ಅದಕ್ಕೆ ತಕ್ಕ ಜಾಗ ಸಿಗಲಿಲ್ಲ.

ಕಂಠೀರವದ ಆ ಸಂಜೆ

ಗೋಲ್‌ಕೀಪರ್ ಬದುಕು ಎಂಥದು ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2004ರ ಡಿಸೆಂಬರ್ 5, ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಚೆಂಡನ್ನು ಗೋಲಿಗೆ ಸೇರಿಸುವ ಗಳಿಗೆಯಲ್ಲಿ, ಮುನ್ನುಗ್ಗಿ ಬಂದ ಮೋಹನ್ ಬಾಗನ್ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಅವರ ಪ್ರಾಣ ಉಳಿಯಲಿಲ್ಲ. ಆ ಗೋಲ್‌ಕೀಪರ್ ಸುಬ್ರತಾ ಪಾಲ್. ಆಗ ಅವರಿನ್ನೂ ಹದಿಹರೆಯದವರು. ಶಿಸ್ತು ಕ್ರಮ ಎದುರಿಸಿದರು. ದೇಶದಾದ್ಯಂತ ಟಿ.ವಿ.ಗಳಲ್ಲಿ ಆ ದೃಶ್ಯ ಮತ್ತೆ ಮತ್ತೆ ಪ್ರಸಾರವಾಯಿತು. ಮೈದಾನದಲ್ಲಿಯೇ ಸಾಕಷ್ಟು ವೈದ್ಯಕೀಯ ನೆರವು ಇರಲಿಲ್ಲವೇಕೆ ಎಂಬ ಪ್ರಶ್ನೆಗಿಂತ ಗೋಲ್‌ಕೀಪರ್‌ನ ಕೈ ಎಲ್ಲಿ ತಗಲಿತು ಎಂಬುದೇ ಹೆಚ್ಚು ಚರ್ಚೆಯಾಯಿತು.

ಆ ವಯಸ್ಸಿನಲ್ಲಿ ಅಂಥ ಹೊರೆ ಹೊತ್ತವನು ಆಟ ಬಿಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಸುಬ್ರತಾ ಬಿಡಲಿಲ್ಲ. 2009ರ ನೆಹರೂ ಕಪ್ ಫೈನಲ್‌ನಲ್ಲಿ ಸಿರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಭಾರತವನ್ನು ಗೆಲ್ಲಿಸಿದರು. 2012ರಲ್ಲಿ ಕ್ಯಾಮರೂನ್ ವಿರುದ್ಧದ ಫೈನಲ್ ಕೂಡ ಟೈಬ್ರೇಕರ್‌ನಲ್ಲಿಯೇ ನಿರ್ಧಾರವಾಯಿತು, ಆಗಲೂ ಗೋಲಿನಲ್ಲಿದ್ದವರು ಅವರೇ. ಈ ಎರಡರ ನಡುವೆ 2011ರಲ್ಲಿ ದೋಹಾದ ಏಷ್ಯಾ ಕಪ್. ಅಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ 0-4, ಬಹ್ರೇನ್‌ಗೆ 2-5, ದಕ್ಷಿಣ ಕೊರಿಯಾಕ್ಕೆ 1-4ರಿಂದ ಸೋತಿತು. ಒಟ್ಟು 13 ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್‌ನನ್ನು ಅಭಿಮಾನಿಗಳು 'ಸ್ಪೈಡರ್‌ಮ್ಯಾನ್' ಎಂದು ಕರೆದರು! ಅಂಕಿಸಂಖ್ಯೆಗಳಷ್ಟನ್ನೇ ನೋಡುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಪಂದ್ಯ ನೋಡಿದವರಿಗೆ ಗೊತ್ತು, ಅವರಿಲ್ಲದಿದ್ದರೆ ಆ ಸಂಖ್ಯೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂಬುದು.

2023ರ ಡಿಸೆಂಬರ್‌ನಲ್ಲಿ ನಿವೃತ್ತರಾದ ಸುಬ್ರತಾ ಬಳಿಕ ರಾಷ್ಟ್ರೀಯ ತಂಡಗಳ ನಿರ್ದೇಶಕರಾಗಿ ನೇಮಕಗೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷರಾಗಿ ಆಯ್ಕೆಯಾದ ಕಲ್ಯಾಣ್ ಚೌಬೆ ಕೂಡ ಮಾಜಿ ಗೋಲ್‌ಕೀಪರ್. ಹೀಗೆ 2025ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೆ ಹೊಸ ಮುಖ್ಯ ಕೋಚ್ ನೇಮಕವಾದಾಗ ಫೆಡರೇಷನ್‌ನ ಆಯಕಟ್ಟಿನ ಎರಡು ಜಾಗಗಳಲ್ಲಿ ಗೋಲು ಕಾದವರೇ ಇದ್ದರು. ಆಯ್ಕೆಯಾದದ್ದು ಮಾತ್ರ ಮಿಡ್‌ಫೀಲ್ಡ್ ಆಟಗಾರರಾಗಿದ್ದ ಖಾಲಿದ್ ಜಮೀಲ್. ಅವರ ಅರ್ಹತೆಯ ಬಗ್ಗೆ ತಕರಾರಿಲ್ಲ. 2012ರ ಬಳಿಕ ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. ಆದರೆ ಅವರಿಗಿಂತ ಹಿಂದಿನ ಸಾವಿಯೊ ಮೆಡೆರಾ, ಸುಖ್ವಿಂದರ್ ಸಿಂಗ್, ಸೈಯದ್ ನಯೀಮುದ್ದೀನ್ ಇವರಲ್ಲಿ ಯಾರೂ ಗೋಲು ಕಾದವರಲ್ಲ ಎಂಬುದು ಗಮನಾರ್ಹ. ಆಡಳಿತದ ಕುರ್ಚಿಗೆ ಸಲ್ಲುವ ಗೋಲ್‌ಕೀಪರ್ ತರಬೇತಿಯ ಕುರ್ಚಿಗೆ ಏಕೆ ಸಲ್ಲುವುದಿಲ್ಲ?

ದಾರಿ ಕವಲೊಡೆಯುವುದು ಎಲ್ಲಿ?

ಇದಕ್ಕೆ ಪೂರ್ವಗ್ರಹವೊಂದನ್ನೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಕಾರಣಗಳು ವೃತ್ತಿಯ ಒಳಗೇ ಇವೆ.

ಮೊದಲನೆಯದು, ಅಭ್ಯಾಸದ ಕ್ರಮ. ಗೋಲ್‌ಕೀಪರ್ ತನ್ನ ಆಟದ ದಿನಗಳುದ್ದಕ್ಕೂ ತಂಡದಿಂದ ಬೇರೆಯಾಗಿ ಬೆವರು ಹರಿಸುತ್ತಾನೆ. ಮಿಡ್‌ಫೀಲ್ಡ್ ಆಟಗಾರನೊಬ್ಬ ಹದಿನೈದು ವರ್ಷ ಮುಖ್ಯ ಕೋಚ್‌ನ ಮಾತು ಕೇಳುತ್ತಾ, ಒತ್ತಡ ಯಾವಾಗ ಹೇರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ದಿನವೂ ಚರ್ಚಿಸುತ್ತಾ ಬೆಳೆಯುತ್ತಾನೆ. ಅಷ್ಟೇ ಕಾಲ ಗೋಲ್‌ಕೀಪರ್ ಬೇರೊಬ್ಬ ಗುರುವಿನ ಬಳಿ ಹಿಡಿತ, ನೆಗೆತ, ಕೋನ ಇವುಗಳನ್ನು ತಿದ್ದಿಕೊಳ್ಳುತ್ತಿರುತ್ತಾನೆ. ಮುಖ್ಯ ಕೋಚ್ ಅವನನ್ನು ತನ್ನ ಉತ್ತರಾಧಿಕಾರಿಯಾಗಿ ಕಾಣುವ ಸಂದರ್ಭವೇ ಒದಗುವುದಿಲ್ಲ.

ಎರಡನೆಯದು ವಯಸ್ಸು. ಉಳಿದವರು ಮೂವತ್ತೈದರ ಸುಮಾರಿಗೆ ಬೂಟು ಬಿಚ್ಚಿದರೆ ಗೋಲ್‌ಕೀಪರ್ ನಲವತ್ತರವರೆಗೂ ಆಡಬಲ್ಲ. ಕೋಚಿಂಗ್ ಪರವಾನಗಿಯ ಮೆಟ್ಟಿಲುಗಳು ಡಿ, ಸಿ, ಬಿ, ಎ, ಪ್ರೊ ಎಂದು ಉದ್ದಕ್ಕೆ ಸಾಗುತ್ತವೆ. ಪ್ರತಿ ಮೆಟ್ಟಿಲಿಗೂ ಹಣ ಬೇಕು, ಸಮಯ ಬೇಕು, ಕೈಯಲ್ಲೊಂದು ತಂಡ ಬೇಕು. ತಡವಾಗಿ ಹೊರಟವನು ತಡವಾಗಿಯೇ ತಲಪುತ್ತಾನೆ.

ಮೂರನೆಯದನ್ನು ಹೇಳಿದರೆ ಗೋಲ್‌ಕೀಪರ್‌ಗಳಿಗೆ ಬೇಸರವಾದೀತು. ಅವರಿಗೆಂದೇ ಪ್ರತ್ಯೇಕ ಪರವಾನಗಿ ಇದೆ. ಆಡುವ ದಿನಗಳ ಹೆಸರಿನ ಬಲದ ಮೇಲೆ ಬೇಗ ಕೆಲಸ ಸಿಗುತ್ತದೆ. ಸ್ಪರ್ಧೆ ಕಡಿಮೆ. ನಿವೃತ್ತಿಯ ಮರುವರ್ಷವೇ ಸಂಬಳ ಬರುವ ದಾರಿ ಬಿಟ್ಟು, ಐದಾರು ವರ್ಷ ಹಿಡಿಯುವ ದಾರಿ ತುಳಿಯುವವರು ಕಡಿಮೆ. ಸಂಸಾರಸ್ಥರನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ಒಮ್ಮೆ ಆ ಓಣಿಗೆ ಹೊಕ್ಕರೆ ಹೊರಬರುವುದು ಕಷ್ಟ.

ಓಣಿಯಾದರೂ ಭದ್ರವೇ ಎಂದರೆ ಅದೂ ಇಲ್ಲ. 2025ರಲ್ಲಿ ಫೆಡರೇಷನ್ ಹಾಗೂ ಅದರ ವಾಣಿಜ್ಯ ಪಾಲುದಾರರ ನಡುವಣ ಒಪ್ಪಂದದ ಬಿಕ್ಕಟ್ಟಿನಿಂದ ಇಂಡಿಯನ್ ಸೂಪರ್ ಲೀಗ್ ಅತಂತ್ರವಾದಾಗ, ಬೆಂಗಳೂರು ಎಫ್‌ಸಿ ಆ ವರ್ಷದ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಋತು ಕೊನೆಗೂ ಆರಂಭವಾದದ್ದು 2026ರ ಫೆಬ್ರುವರಿಯಲ್ಲಿ. ಅಂಥ ಕಾಲದಲ್ಲಿ ಹೆಸರಾಂತ ಆಟಗಾರನಿಗೆ ಬೇರೆ ಕ್ಲಬ್ ಸಿಕ್ಕೀತು. ಬೆಂಚಿನ ತುದಿಯಲ್ಲಿ ಕುಳಿತ ಸಹಾಯಕ ಸಿಬ್ಬಂದಿಗೆ ಹಾಗಲ್ಲ. ಗುರ್‌ಪ್ರೀತ್ ಸಿಂಗ್ ಸಂಧು ಅವರಂಥ ಗೋಲ್‌ಕೀಪರ್ ಇರುವ ಇದೇ ಕ್ಲಬ್ ಹಲವು ಋತುಗಳ ಕಾಲ ಗೋಲ್‌ಕೀಪಿಂಗ್ ತರಬೇತಿಗೆ ಆಶ್ರಯಿಸಿದ್ದು ಸ್ಪೇನ್‌ನ ಹಾವಿಯರ್ ಪಿನಿಲ್ಲೋಸ್ ಅವರನ್ನು. ಕಿರಿದಾದ ಓಣಿಯಲ್ಲಿಯೂ ನಮ್ಮವರಿಗೆ ವಿದೇಶಿಯರ ಪೈಪೋಟಿ ಇದೆ ಎಂದಾಯಿತು.

ಹೊರಗೆ ಹೇಗಿದೆ?

ಗೋಲ್‌ಕೀಪರ್‌ಗೆ ತಂಡ ನಡೆಸಲು ಬಾರದು ಎಂಬ ಮಾತಿಗೆ ಇಟಲಿಯ ಡಿನೊ ಝೋಫ್ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1982ರಲ್ಲಿ, ನಲವತ್ತನೇ ವಯಸ್ಸಿನಲ್ಲಿ, ನಾಯಕನಾಗಿ ವಿಶ್ವಕಪ್ ಎತ್ತಿದ ಅವರು ಕೋಚ್ ಆಗಿ 1990ರಲ್ಲಿ ಯುವೆಂಟಸ್ ತಂಡಕ್ಕೆ ಯುಇಎಫ್‌ಎ ಕಪ್ ಗೆದ್ದುಕೊಟ್ಟರು. 2000ದ ಯುರೋ ಫೈನಲ್‌ಗೆ ಇಟಲಿಯನ್ನು ಕೊಂಡೊಯ್ದರು. ಫ್ರಾನ್ಸ್ ಎದುರು ಗೋಲ್ಡನ್ ಗೋಲಿನಲ್ಲಿ ಸೋತ ಬಳಿಕ ರಾಜಕಾರಣಿ ಸಿಲ್ವಿಯೊ ಬರ್ಲುಸ್ಕೋನಿ ಅವರ ಕಟುಟೀಕೆಯಿಂದ ನೊಂದು ರಾಜೀನಾಮೆ ಕೊಟ್ಟದ್ದು ಬೇರೆ ಮಾತು.

ಅದಕ್ಕಿಂತ ಕುತೂಹಲಕರವಾದುದು ಪೋರ್ಚುಗಲ್‌ನ ನುನೊ ಎಸ್ಪಿರಿಟೊ ಸಾಂಟೊ ಹಾಗೂ ಸ್ಪೇನ್‌ನ ಯೂಲೆನ್ ಲೊಪೆಟೆಗಿ ಅವರ ಉದಾಹರಣೆ. ನುನೊ ಇಂಗ್ಲೆಂಡ್‌ನ ಹಲವು ಕ್ಲಬ್‌ಗಳನ್ನು ನಡೆಸಿದವರು. ಲೊಪೆಟೆಗಿ 2020ರಲ್ಲಿ ಸೆವಿಯಾ ತಂಡಕ್ಕೆ ಯುರೋಪಾ ಲೀಗ್ ಗೆದ್ದುಕೊಟ್ಟವರು. ಇಬ್ಬರೂ ಗೋಲ್‌ಕೀಪರ್‌ಗಳು, ಅದರಲ್ಲಿಯೂ ಹೆಚ್ಚಿನ ಕಾಲ ಮೀಸಲು ಗೋಲ್‌ಕೀಪರ್‌ಗಳು. 2004ರಲ್ಲಿ ಪೋರ್ಟೊ ಚಾಂಪಿಯನ್ಸ್ ಲೀಗ್ ಗೆದ್ದಾಗ ನುನೊ ಬೆಂಚಿನಲ್ಲಿದ್ದರು. 1994ರ ವಿಶ್ವಕಪ್‌ಗೆ ಹೋದ ಸ್ಪೇನ್ ತಂಡದಲ್ಲಿ ಲೊಪೆಟೆಗಿ ಮೀಸಲು ಆಟಗಾರ. ಮೀಸಲು ಗೋಲ್‌ಕೀಪರ್‌ನಷ್ಟು ಪಂದ್ಯಗಳನ್ನು ಕುಳಿತು ನೋಡುವವನು ತಂಡದಲ್ಲಿ ಇನ್ನೊಬ್ಬನಿಲ್ಲ. ವರ್ಷಗಟ್ಟಲೆ ಕೋಚ್‌ನ ಪಕ್ಕದಲ್ಲಿ ಕುಳಿತು ಅವನು ಕಲಿಯದೆ ಇರುವುದಾದರೂ ಹೇಗೆ?

1992ರಲ್ಲಿ ಬಂದ ನಿಯಮವೂ ಇಲ್ಲಿ ಮುಖ್ಯ. ಸಹ ಆಟಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂದಾದ ಮೇಲೆ ಅವನು ಕಾಲಿನಿಂದಲೂ ಆಡಲೇಬೇಕಾಯಿತು. ಇಂದು ದೊಡ್ಡ ತಂಡಗಳ ದಾಳಿ ಆರಂಭವಾಗುವುದೇ ಗೋಲ್‌ಕೀಪರ್‌ನ ಮೊದಲ ಪಾಸಿನಿಂದ. ಇಡೀ ಮೈದಾನ ಎದುರಿಗೆ ಕಾಣುವುದು ಅವನಿಗೊಬ್ಬನಿಗೆ. ತಂಗರಾಜ್ ಅವರ ಕಾಲದಲ್ಲಿ ಗೋಲ್‌ಕೀಪರ್ ತಂಡದ ಕೊನೆಯ ಆಳು. ಈಗ ಅವನೇ ಮೊದಲ ಆಳು. ಹುದ್ದೆ ಹಂಚುವವರ ಮನಸ್ಸು ಮಾತ್ರ 1992ರ ಆಚೆಗೇ ನಿಂತಿದೆ.

ನೆರೆಯ ಕೊಚ್ಚಿಯಲ್ಲಿ ಈ ಪ್ರಯೋಗವೊಂದು ನಡೆದದ್ದುಂಟು. 2014ರಲ್ಲಿ ಇಂಗ್ಲೆಂಡ್‌ನ ಮಾಜಿ ಗೋಲ್‌ಕೀಪರ್ ಡೇವಿಡ್ ಜೇಮ್ಸ್ ಅವರು ಕೇರಳ ಬ್ಲಾಸ್ಟರ್ಸ್ ತಂಡದ ಕೋಚ್ ಆಗಿಯೂ ಗೋಲ್‌ಕೀಪರ್ ಆಗಿಯೂ ದುಡಿದು ಮೊದಲ ಋತುವಿನಲ್ಲಿಯೇ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. ಸಂದೀಪ್ ನಂದಿ ಅದೇ ತಂಡದಲ್ಲಿ ಅವರ ಸಹ ಗೋಲ್‌ಕೀಪರ್. ಅದೇ ಡ್ರೆಸ್ಸಿಂಗ್ ಕೊಠಡಿಯಿಂದ ಹೊರಬಂದ ಇಬ್ಬರಲ್ಲಿ ವಿದೇಶಿಗೆ ಮುಖ್ಯ ಕೋಚ್ ಪಟ್ಟ 2018ರಲ್ಲಿ ಮತ್ತೊಮ್ಮೆ ಒಲಿಯಿತು. ಭಾರತೀಯ ಗೋಲ್‌ಕೀಪಿಂಗ್ ಕೋಚ್ ಆದರು.

ಹಾಕಿ ತೋರಿಸಿದ ದಾರಿ

ಭಾರತೀಯ ಗೋಲ್‌ಕೀಪರ್ ಮೇಲೆ ಪೂರ್ಣ ನಂಬಿಕೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಹುಡುಕಬೇಕಾದರೆ ಫುಟ್‌ಬಾಲ್ ಬಿಟ್ಟು ಹಾಕಿಯ ಕಡೆ ನೋಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಶಿಬಿರಗಳು ನಡೆಯುವ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರವೇ ಸಾಕು.

ಹಾಕಿಯ ಹಳೆಯ ಕತೆಯೂ ಸಿಹಿಯಲ್ಲ. 1998ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ವಿರುದ್ಧ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು 32 ವರ್ಷಗಳ ಬಳಿಕ ಭಾರತಕ್ಕೆ ಚಿನ್ನ ತಂದವರಲ್ಲಿ ಪ್ರಮುಖರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಆ ಗೆಲುವಿನ ಬೆನ್ನಿಗೇ ನಾಯಕ ಧನರಾಜ್ ಪಿಳ್ಳೈ ಸೇರಿದಂತೆ ತಂಡದಿಂದ ಕೈಬಿಡಲಾದ ಆಟಗಾರರ ಪಟ್ಟಿಯಲ್ಲಿ ಬಲ್ಲಾಳ್ ಹೆಸರೂ ಇತ್ತು. ಮುಂದೆ ಅವರು ಬೆಂಗಳೂರಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿ ಮಕ್ಕಳಿಗೆ ಕಲಿಸಿದರು.

ಪಿ.ಆರ್. ಶ್ರೀಜೇಶ್ ಕಾಲಕ್ಕೆ ಗಾಳಿ ಬದಲಾಗಿತ್ತು. 2006ರಿಂದ ಆಡಿದ ಈ ಕೇರಳದ ಗೋಲ್‌ಕೀಪರ್ 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶೂಟೌಟ್‌ನಲ್ಲಿ ಚಿನ್ನ ಗೆಲ್ಲಿಸಿದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಯಕರಾದರು, ಟೋಕಿಯೊ ಮತ್ತು ಪ್ಯಾರಿಸ್‌ಗಳಲ್ಲಿ ಕಂಚು ಗೆದ್ದರು. 2024ರ ಆಗಸ್ಟ್ 8ರಂದು ಪ್ಯಾರಿಸ್‌ನಲ್ಲಿ ಕೊನೆಯ ಪಂದ್ಯ ಆಡಿದ ಕೆಲವೇ ದಿನಗಳಲ್ಲಿ ಹಾಕಿ ಇಂಡಿಯಾ ಅವರ 16ನೇ ಸಂಖ್ಯೆಯ ಪೋಷಾಕಿಗೆ ನಿವೃತ್ತಿ ಘೋಷಿಸಿತು. ಜೊತೆಗೆ ಜೂನಿಯರ್ ಪುರುಷರ ತಂಡದ ಮುಖ್ಯ ಕೋಚ್ ಹುದ್ದೆಯನ್ನೂ ಕೊಟ್ಟಿತು. ಗೋಲ್‌ಕೀಪಿಂಗ್ ಕೋಚ್ ಹುದ್ದೆಯನ್ನಲ್ಲ, ಇಡೀ ತಂಡದ ಹೊಣೆಯನ್ನು.

ಕೋಚಿಂಗ್ ಅನುಭವವಿಲ್ಲದವರಿಗೆ ನೇರ ಪಟ್ಟವೇ ಎಂಬ ಪ್ರಶ್ನೆ ನ್ಯಾಯವಾದುದೇ. ಫಲಿತಾಂಶಗಳನ್ನು ನೋಡೋಣ. 2024ರ ಅಕ್ಟೋಬರ್‌ನಲ್ಲಿ ಜೊಹೊರ್ ಕಪ್ ಕಂಚು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಸ್ಕತ್‌ನಲ್ಲಿ ಪಾಕಿಸ್ತಾನವನ್ನು 5-3ರಿಂದ ಸೋಲಿಸಿ ಜೂನಿಯರ್ ಏಷ್ಯಾ ಕಪ್. 2025ರ ಅಕ್ಟೋಬರ್‌ನಲ್ಲಿ, ಕೋಲ್ಕತ್ತದಲ್ಲಿ ಟೈಬ್ರೇಕರ್ ಜಗಳ ನಡೆದ ಅದೇ ತಿಂಗಳಲ್ಲಿ, ಜೊಹೊರ್ ಕಪ್ ಬೆಳ್ಳಿ. ಡಿಸೆಂಬರ್‌ನಲ್ಲಿ ಚೆನ್ನೈನ ಜೂನಿಯರ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಗೆ 1-5ರಿಂದ ಶರಣಾದ ತಂಡ, ಕಂಚಿನ ಪಂದ್ಯದಲ್ಲಿ ಅರ್ಜೆಂಟೀನಾ ಎದುರು 0-2ರ ಹಿನ್ನಡೆಯಿಂದ ಮೇಲೆದ್ದು 4-2ರಿಂದ ಗೆದ್ದಿತು. ಜರ್ಮನಿಯ ಎದುರಿನ ಸೋಲು ತಂಡದ ಮಿತಿಗಳನ್ನೂ ತೋರಿಸಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗೋಲು ಕಾದವನಿಗೆ ತಂಡ ನಡೆಸಲು ಬಾರದು ಎಂಬ ವಾದಕ್ಕೆ ಈ ಪಟ್ಟಿಯಲ್ಲಿ ಆಧಾರವಿಲ್ಲ.

ಬೆಂಗಳೂರಿನಿಂದ 60 ಕಿ.ಮೀ.

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಬೆಂಗಳೂರಿನ ಫುಟ್‌ಬಾಲ್ ಮಾತ್ರ ಬರಲಿಲ್ಲ. ರಾಜ್ಯದ ಫುಟ್‌ಬಾಲ್ ಚರಿತ್ರೆ ಎಂದರೆ ಬಹುಪಾಲು ದಂಡು ಪ್ರದೇಶದ ಚರಿತ್ರೆ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಓಣಿಗಳಲ್ಲಿ ಬೆಳೆದ ಹುಡುಗರಿಗೆ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳು ಕೆಲಸ ಕೊಟ್ಟವು. ಆ ಕೆಲಸದ ಭದ್ರತೆಯಲ್ಲಿಯೇ ಅವರು ಆಡಿದರು, ಆಟ ನಿಂತ ಮೇಲೆ ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಸಂಬಳವಿಲ್ಲದೆ ಕಲಿಸಿದರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದದ್ದು ಆ ಕಾಲದಲ್ಲಿ. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಈ ನಡುವೆ ಉದ್ಯಮಗಳ ತಂಡಗಳು ಒಂದೊಂದಾಗಿ ಬಡವಾದವು. ಅವುಗಳೊಂದಿಗೆ ಸಂಜೆಯ ಸಂಬಳವಿಲ್ಲದ ಪಾಠವೂ ಕಡಿಮೆಯಾಯಿತು. ಖಾಸಗಿ ಅಕಾಡೆಮಿಗಳು ಬಂದಿವೆ. ಅವುಗಳ ಶುಲ್ಕ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೊಂದುವಂಥದು.

ರಾಜ್ಯ ಸಂಸ್ಥೆಯಾಗಲಿ ಕ್ರೀಡಾ ಇಲಾಖೆಯಾಗಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ಗೋಲು ಕಾದು ನಿವೃತ್ತರಾದವರನ್ನು ತಿಂಗಳಿಗೆ ಒಂದೆರಡು ದಿನ ಜಿಲ್ಲೆಗಳ ದೈಹಿಕ ಶಿಕ್ಷಕರ ಬಳಿಗೆ ಕಳುಹಿಸಿ ಗೌರವಧನ ಕೊಟ್ಟರೆ ಸಾಕು. ಓಣಿ ಹೊಕ್ಕವರಿಗೆ ಅದರಿಂದ ಒಂದು ತಂಡ, ಒಂದು ಶಾಲೆ, ಒಂದು ಜಿಲ್ಲೆ ನಡೆಸಿದ ಅನುಭವ ಬರುತ್ತದೆ. ಪರವಾನಗಿಯ ಮೆಟ್ಟಿಲೇರಲು ಕೈಯಲ್ಲೊಂದು ತಂಡ ಬೇಕು ಎಂಬ ತೊಡಕೂ ಅಲ್ಲಿಯೇ ಕಳೆಯುತ್ತದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನಿಂದ ಚನ್ನಪಟ್ಟಣ ಎಷ್ಟು ದೂರ!

ಶಿಕ್ಷಕರಿಗೆ ಅವರು ಹೇಳಿಕೊಡಬೇಕಾದ ಮೊದಲ ಪಾಠ ಚೆಂಡು ಹಿಡಿಯುವುದಲ್ಲ, ಬೀಳುವುದು. ಪಕ್ಕಕ್ಕೆ ಮಗುಚಿ, ಮುಂಗೈಯ ಹೊರಬದಿ, ತೋಳು, ಭುಜ, ಪಕ್ಕೆ, ತೊಡೆ ಹೀಗೆ ಮೈಯ ಉದ್ದಕ್ಕೂ ಪೆಟ್ಟು ಹಂಚಿಹೋಗುವಂತೆ ಬೀಳಬೇಕು. ಮೊಣಕೈ ಊರಬಾರದು, ಹೊಟ್ಟೆಯ ಮೇಲೆ ಬೀಳಬಾರದು. ಮೊದಲು ಕುಳಿತಲ್ಲಿಂದ, ಆಮೇಲೆ ಮಂಡಿಯೂರಿ, ಆಮೇಲೆ ನಿಂತು ಅಭ್ಯಾಸ ಮಾಡಿಸುತ್ತಾರೆ. ಹುಲ್ಲಿನ ಮೈದಾನದಲ್ಲಿ ಇದನ್ನು ಕಲಿಯದವನೂ ಹೇಗೋ ಬಚಾವಾದಾನು. ಬೇಸಿಗೆಯಲ್ಲಿ ಕಲ್ಲಿನಂತಾಗುವ ನಮ್ಮ ಶಾಲೆಗಳ ಕೆಂಪುಮಣ್ಣಿನ ಬಯಲಿನಲ್ಲಿ ಹಾಗಾಗುವುದಿಲ್ಲ. ಚಪ್ಪಲಿಗಳ ನಡುವೆ ನಿಂತ ಹುಡುಗ ಮೊದಲ ದಿನ ಉತ್ಸಾಹದಿಂದಲೇ ಹಾರುತ್ತಾನೆ. ಮೊಣಕೈ ಕಿತ್ತುಹೋಗಿ, ಮನೆಯಲ್ಲಿ ಬೈಗುಳ ತಿಂದು ಬಂದ ಮೇಲೆ ಎರಡನೆಯ ದಿನ ಹಾರುವುದಿಲ್ಲ. ಬರುವ ಚೆಂಡಿಗೆ ಕಾಲು ಚಾಚಿ ನಿಲ್ಲುತ್ತಾನೆ.